377: ತೆಗೆದದ್ದು ಪಾರ್ಲಿಮೆಂಟಾ, ಕೋರ್ಟಾ?

ಪ್ರಶ್ನೆ: ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ಮಿರ್ಚಿ-ಮಂಡಕ್ಕಿ ತಿನ್ನುತ್ತಿದ್ದೆವು. ಪಕ್ಕದವರು, ‘ಸಲಿಂಗ ಪ್ರೀತಿ ತಪ್ಪಲ್ಲ ಅಂತ ಪಾರ್ಲಿಮೆಂಟೇ ಕಾನೂನು ಮಾಡಿಬಿಟ್ಟಿದೆ’ ಎಂದು ಬೈಯುತ್ತಿದ್ದರು. ನನ್ನ ತಮ್ಮ ಗೇ. ಕೈಲಿದ್ದ ಮಿರ್ಚಿ ಹಾಗೇ ಹಿಡಿದು ಕೂತ. ಅವರು ಹೇಳಿದ್ದು ನಿಜಾನಾ?

ಉತ್ತರ 1: ಇಲ್ಲ ಅಕ್ಕಾ. ಸಲಿಂಗ ಸಂಬಂಧವನ್ನು ಅಪರಾಧ ಅಂತಿದ್ದದ್ದು ಭಾರತೀಯ ದಂಡ ಸಂಹಿತೆಯ 377ನೇ ಕಲಂ. ವಯಸ್ಕರು ಒಪ್ಪಿ ಇಟ್ಟುಕೊಳ್ಳುವ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿದ್ದು ಸುಪ್ರೀಂ ಕೋರ್ಟ್, 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಮುಂಚೆ, 2015ರ ಡಿಸೆಂಬರ್‌ನಲ್ಲಿ ಸಂಸದ ಶಶಿ ತರೂರ್ ಇದನ್ನೇ ಕೇಳಿ ಲೋಕಸಭೆಗೆ ಖಾಸಗಿ ಮಸೂದೆ (ಸರ್ಕಾರದ್ದಲ್ಲ, ಸಂಸದರೇ ತರುವಂಥದ್ದು) ತಂದಿದ್ದರು. ಮಂಡಿಸೋಕೇ ಬಿಡಲಿಲ್ಲ. ಪರವಾಗಿ 24, ವಿರುದ್ಧ 71. 2016ರ ಮಾರ್ಚ್‌ನಲ್ಲೂ ಅದೇ ಗತಿ: 14, 58. 543 ಸ್ಥಾನಗಳ ಸದನ ಅದು! ಬೇಡ ಅನ್ನುವವರು ಎದ್ದು ನಿಂತು ಕಾರಣ ಹೇಳಬೇಕಿತ್ತು ಅಲ್ವಾ?

ಉತ್ತರ 2: ಈ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು. ಅವರದೇ ಸಂಸತ್ತು 1967ರಲ್ಲಿ ವಾದ ಮಾಡಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ತುಂಬಿದ ಗಂಡಸರಿಗೆ ವಿನಾಯಿತಿ ಕೊಟ್ಟಿತು. ತಮ್ಮನಿಗೆ ಧೈರ್ಯ ಹೇಳಿ, ಅವನು ಅಪರಾಧಿ ಅಲ್ಲ.