ಪದಚರ್ಚೆ: ದೋಣಿಯನ್ನು ‘ಕುಗ್ಗಿಸು’ವುದೋ, ‘ಗಿಡ್ಡ ಮಾಡು’ವುದೋ?

ವಾಸ್ಕೋದಿಂದ ಪ್ರಶ್ನೆ:

ನಮಸ್ಕಾರ. ಮನೆಯಲ್ಲೇ ಪ್ಲೈವುಡ್ಡಿನಲ್ಲಿ ಕಟ್ಟುವ, ಗಾಳ ಹಾಕಿ ಮೀನು ಹಿಡಿಯಲು ಬಳಸುವ ಕಯಾಕ್‌ನ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಯ) ನಕ್ಷೆಗೆ ಕನ್ನಡದಲ್ಲಿ ಸೂಚನೆ ಬರೆಯುತ್ತಿದ್ದೇವೆ. ಮೂಲ ದೋಣಿ 14 ಅಡಿ ಉದ್ದ, 30 ಇಂಚು ಅಗಲ. ಕುಂಬಾರಜುವೆ ಕಾಲುವೆಯ ಅಕ್ಕಪಕ್ಕದ ಕಿರುತೊರೆಗಳಲ್ಲಿ ಅಷ್ಟುದ್ದದ್ದನ್ನು ತಿರುಗಿಸುವುದು ಕಷ್ಟ, ಹಾಗಾಗಿ 12 ಅಡಿಗೆ ಇಳಿಸಬೇಕು. ‘ಸ್ಕೇಲ್ ಡೌನ್’ಗೆ ‘ಕುಗ್ಗಿಸು’, ‘ಡೆಪ್ತ್’ಗೆ ‘ಆಳ’, ‘ಡಿಸ್‌ಪ್ಲೇಸ್‌ಮೆಂಟ್’ಗೆ ‘ತೂಕ’ ಎಂದು ಹಾಕಿದ್ದೇವೆ. ನಡೆಯುತ್ತದೆಯೇ?

ಪಣಜಿಯಿಂದ ಉತ್ತರ:

‘ಕುಗ್ಗಿಸು’ ಬೇಡ ಸರ್. ಹಾಗೆ ಬರೆದರೆ ಉದ್ದ, ಅಗಲ, ಎತ್ತರ ಮೂರನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು ಅಂತಲೇ ಬಡಗಿ ತಿಳಿಯುತ್ತಾನೆ. ಲೆಕ್ಕ ಹಾಕಿ ನೋಡಿ. 14ರಿಂದ 12 ಅಂದರೆ 0.857. ಮೂರಕ್ಕೂ ಅದನ್ನೇ ಹಾಕಿದರೆ ದೋಣಿ ಹೊರುವ ಒಟ್ಟು ತೂಕ ಮೊದಲಿನದರ 0.63ಕ್ಕೆ ಇಳಿಯುತ್ತದೆ. ಮೂಲ ನಕ್ಷೆ 180 ಕೆಜಿಯದ್ದು ಅಂತಿಟ್ಟುಕೊಳ್ಳಿ, ಉಳಿಯುವುದು 113. ಪ್ಲೈ ದಪ್ಪ ಮೊದಲಿನದೇ ಆದ್ದರಿಂದ ದೋಣಿಯ ಸ್ವಂತ ತೂಕ ಅಷ್ಟೇನೂ ಇಳಿಯುವುದಿಲ್ಲ. 28 ಕೆಜಿ ಇದ್ದದ್ದು 20–21 ಆಗುತ್ತದೆ. ಮಿಕ್ಕ 92 ಕೆಜಿಯಲ್ಲಿ ಆಳು, ಐಸ್ ಪೆಟ್ಟಿಗೆ, ಲಂಗರು, ಗಾಳದ ಕೋಲು ಎಲ್ಲ ಕೂರಬೇಕು. ಅಗಲವೂ 30ರಿಂದ 25.7 ಇಂಚಿಗೆ ಬರುತ್ತದೆ. ವಾಲದೆ ನಿಲ್ಲುವ ಗುಣ ಉದ್ದವನ್ನು ಅಗಲದ ಘನದಿಂದ ಗುಣಿಸಿದ ಲೆಕ್ಕದಲ್ಲಿ ಹೋಗುವುದರಿಂದ ಅದು ಹೆಚ್ಚುಕಡಿಮೆ ಅರ್ಧಕ್ಕೆ, 0.54ಕ್ಕೆ ಬಂತು. ಪಕ್ಕಕ್ಕೆ ಬಾಗಿ ಮೀನು ಎತ್ತುವಾಗ ಇಂಥ ದೋಣಿ ಮಗುಚದೆ ಇನ್ನೇನು?

ನಿಮಗೆ ಬೇಕಾದದ್ದು ಉದ್ದ ಮಾತ್ರ ಇಳಿಸುವುದು. ಅದಕ್ಕೆ ‘ಗಿಡ್ಡ ಮಾಡು’ ಅನ್ನಿ. ಆಗ ಒಟ್ಟು ತೂಕ 154 ಕೆಜಿ, ದೋಣಿಯದು 24 ಕಳೆದರೆ 130 ಕೈಗೆ ಸಿಗುತ್ತದೆ. ‘ಮೊಟಕು ಮಾಡು’ ಅಂತಂತೂ ಬರೆಯಲೇಬೇಡಿ, ಮೂತಿಯನ್ನೇ ಕೊಯ್ದು ಹಾಕಿಯಾರು!

ಗಿಡ್ಡ ಮಾಡುವ ಬಗೆಯನ್ನೂ ಬಿಡಿಸಿ ಬರೆಯಬೇಕಾಗುತ್ತದೆ. ಅಡ್ಡಚೌಕಟ್ಟುಗಳ ಆಕಾರ ಹಾಗೇ ಇರಲಿ, ಅವುಗಳ ನಡುವಿನ ಅಂತರವನ್ನಷ್ಟೇ 24 ಇಂಚಿನಿಂದ 20.6ಕ್ಕೆ ಇಳಿಸಿ. ಹಲಗೆಯ ನಮೂನೆಗಳನ್ನು ಮಾತ್ರ ಹಳೆಯ ಕಾಗದದಿಂದ ನೇರವಾಗಿ ತೆಗೆಯುವಂತಿಲ್ಲ. ಉದ್ದ ಇಳಿದರೂ ಅಗಲ ಇಳಿಯದ ಕಾರಣ ಅಂಚಿನ ಬಾಗು ಬೇರೆಯಾಗುತ್ತದೆ. ನಕ್ಷೆಯನ್ನು ಉದ್ದಕ್ಕಷ್ಟೇ ಅದುಮಿ ಕತ್ತರಿಸಿದರೆ ತಳದ ಹಲಗೆಯೂ ಪಕ್ಕದ ಹಲಗೆಯೂ ತುದಿಯಲ್ಲಿ ಕೂಡುವುದಿಲ್ಲ, ಹಲಗೆಗಳನ್ನು ಸೇರಿಸುವ ತಂತಿ ಹೊಲಿಗೆ ಬಿಗಿದಷ್ಟೂ ದೋಣಿ ತಿರುಚಿಕೊಳ್ಳುತ್ತದೆ. ಮೊದಲು ರಟ್ಟಿನಲ್ಲಿ ಐದನೇ ಒಂದಂಶದ, ಅಂದರೆ 73 ಸೆಂಟಿಮೀಟರಿನ ಮಾದರಿ ಮಾಡಿ ನೋಡಿ. ಕೂಡಿತು ಅಂದಮೇಲೆ ಪೂರ್ಣ ಅಳತೆಯ ಚೌಕಟ್ಟುಗಳನ್ನು ನಿಲ್ಲಿಸಿ, ಬಾಗುವ ಮರಪಟ್ಟಿ ಕಟ್ಟಿ, ಹಲಗೆಯ ಗೆರೆ ಎಳೆಯಬೇಕು. ಮೂತಿಯ ಹತ್ತಿರ ಬಾಗು ಬಿರುಸಾಗುವುದರಿಂದ 6 ಎಂಎಂ ಪ್ಲೈ ಬಿರುಕು ಬಿಡಬಹುದು. ಅಲ್ಲಿ 4 ಎಂಎಂ ಹಾಕಿ ಒಳಗಿನಿಂದ ಗಾಜುಬಟ್ಟೆ (ಫೈಬರ್‌ಗ್ಲಾಸ್) ಅಂಟಿಸಿ, ಇಲ್ಲವೇ ಬಿಸಿನೀರಿನ ಬಟ್ಟೆ ಸುತ್ತಿ ನಿಧಾನ ಬಾಗಿಸಿ. ಒದ್ದೆ ಮಾಡಿದ ಪ್ಲೈ ಪೂರ್ತಿ ಒಣಗುವ ತನಕ ಎಪಾಕ್ಸಿ ಅಂಟು ಮುಟ್ಟಿಸಬಾರದು.

ಕೂರುವ ಜಾಗದಿಂದ ಕಾಲೊತ್ತುವ ಪಟ್ಟಿಗಿರುವ ಅಂತರವನ್ನು ಇಳಿಸಬೇಡಿ. ದೋಣಿ ಗಿಡ್ಡವಾದರೆ ಕಾಲೂ ಗಿಡ್ಡವಾಗುತ್ತದೆಯೇ! ಗಾಳದ ಕೋಲು ಸಿಕ್ಕಿಸುವ ಪೈಪಿಗೂ ಇದೇ ಮಾತು. ಗಿಡ್ಡ ದೋಣಿ ಹುಟ್ಟು ಹಾಕಿದಾಗೆಲ್ಲ ಅತ್ತಿತ್ತ ಮೂತಿ ತಿರುಗಿಸುತ್ತದೆ, ಹಿಂದಿನ ತಳಕ್ಕೊಂದು ಚಿಕ್ಕ ಈಜುರೆಕ್ಕೆ ಬೇಕಾಗುತ್ತದೆ.

ಪುಣೆಯಿಂದ ಇನ್ನೊಂದು ಉತ್ತರ:

ಮೇಲಿನದೆಲ್ಲ ಸರಿ. ನನ್ನ ತಕರಾರು ‘ಆಳ’ದ ಮೇಲೆ. ‘ಆಳ 12 ಇಂಚು’ ಅಂದರೆ ತಳದಿಂದ ಅಂಚಿನವರೆಗೋ, ನೀರಲ್ಲಿ ಮುಳುಗುವಷ್ಟೋ? ಮೊದಲನೆಯದಕ್ಕೆ ‘ದೋಣಿಯ ಎತ್ತರ’, ಎರಡನೆಯದಕ್ಕೆ ‘ಮುಳುಗುವ ಆಳ’ ಎಂದು ಬಿಡಿಸಿ ಬರೆಯಿರಿ. ‘ತೂಕ’ವೂ ಅಷ್ಟೇ ಗೊಂದಲ. ಬರಿ ದೋಣಿಯದು ‘ಸ್ವಂತ ತೂಕ’, ಆಳು ಮತ್ತು ಸಾಮಾನಿನದು ‘ಹೇರು’, ಎರಡೂ ಸೇರಿ ‘ಒಟ್ಟು ತೂಕ’, ನಿಮ್ಮ ‘ಡಿಸ್‌ಪ್ಲೇಸ್‌ಮೆಂಟ್’ ಇದೇ. ಹೇರು ಎಂಬುದು ಎತ್ತಿನ ಗಾಡಿಯ ಕಾಲದಿಂದ ನಮ್ಮಲ್ಲಿ ಇರುವ ಮಾತು, ಯಾರಿಗೂ ವಿವರಿಸಬೇಕಿಲ್ಲ.

‘ವಾಟರ್‌ಪ್ರೂಫ್ ಪ್ಲೈ’ ಅಂತಷ್ಟೇ ಬರೆದರೆ ಅಂಗಡಿಯವನು ಐಎಸ್ 303ರದ್ದನ್ನೇ (ಸಾಮಾನ್ಯ ಬಳಕೆಯ ಪ್ಲೈನ ಭಾರತೀಯ ಮಾನಕ) ಕೊಟ್ಟು ಕಳಿಸುತ್ತಾನೆ. ‘ಮರೈನ್ ಪ್ಲೈ, ಐಎಸ್ 710’ ಎಂದೇ ಇರಲಿ. ಹಾಳೆ 8 ಅಡಿಯದ್ದಾದ್ದರಿಂದ 12 ಅಡಿಗೆ ಇಳಿಸಿದರೂ ಒಂದು ಜೋಡಣೆ ತಪ್ಪದು. ಎರಡೂ ಹಾಳೆಯ ಅಂಚನ್ನು ಓರೆಯಾಗಿ ಕೆತ್ತಿ ಅಂಟಿಸುವ ಅದನ್ನು ‘ಓರೆ ಜೋಡಣೆ’ ಎಂದು ಕರೆದು, ಓರೆಯ ಉದ್ದ ದಪ್ಪದ ಎಂಟರಷ್ಟು, 6 ಎಂಎಂ ಪ್ಲೈಗೆ 48 ಎಂಎಂ ಎಂದು ಪಕ್ಕದಲ್ಲೇ ಅಂಕಿ ಕೊಡಿ. ಈ 48 ಎಂಎಂ ಒಂದರ ಮೇಲೊಂದು ಕೂರುವುದರಿಂದ ಅಷ್ಟು ಉದ್ದ ಕಳೆಯುತ್ತದೆ, ಕತ್ತರಿಸುವ ಮೊದಲೇ ಲೆಕ್ಕಕ್ಕೆ ಸೇರಿಸಲು ಹೇಳಿ.