ಎ ಒತ್ತಿದರೆ ಆರ್ ಹೋಗುತ್ತಿದೆ: ಮೋರ್ಸ್ ಕೀಯರ್ ಸೆಟ್ಟಿಂಗ್ ಪ್ರಶ್ನೋತ್ತರ

ಪ್ರಶ್ನೆ (ಕೊಪ್ಪಳದಿಂದ): ಸರ್, ನಮಸ್ಕಾರ. ಎರಡು ವರ್ಷದಿಂದ ಹ್ಯಾಮ್ ರೇಡಿಯೋದಲ್ಲಿ ಸ್ಟ್ರೈಟ್ ಕೀಯಲ್ಲೇ, ಅಂದರೆ ಉದ್ದ ಗಿಡ್ಡ ಎಲ್ಲವನ್ನೂ ಕೈಯಲ್ಲೇ ಅಳೆದು ಒತ್ತುವ ಕೀಯಲ್ಲೇ, ಮೋರ್ಸ್ ಕಳಿಸುತ್ತಿದ್ದೆ. ಹೋದ ತಿಂಗಳು ಎರಡು ಲಿವರ್ ಇರುವ ಪ್ಯಾಡಲ್ಲು (ಒಂದು ಡಿಟ್‌ಗೆ, ಅಂದರೆ ಗಿಡ್ಡ ದನಿಗೆ, ಇನ್ನೊಂದು ಡಾಗೆ, ಅಂದರೆ ಉದ್ದ ದನಿಗೆ), ಜೊತೆಗೆ ಆ ದನಿಗಳನ್ನು ತಾನೇ ಅಳೆದು ಹಾಕುವ ಒಂದು ಸಣ್ಣ ಎಲೆಕ್ಟ್ರಾನಿಕ್ ಕೀಯರ್ ತಗೊಂಡೆ. ಅವತ್ತಿನಿಂದ ತಲೆ ಕೆಟ್ಟುಹೋಗಿದೆ. ಎ ಕಳಿಸಿದರೆ ಆರ್ ಹೋಗುತ್ತೆ, ಎನ್ ಕಳಿಸಿದರೆ ಕೆ ಹೋಗುತ್ತೆ. ಸಿ ಕಳಿಸಿದರೆ ಕೊನೆಯಲ್ಲಿ ಒಂದು ಡಾ ಅಂಟಿಕೊಂಡೇ ಬರುತ್ತೆ. ಸ್ಪೀಡ್ ನಿಮಿಷಕ್ಕೆ 20 ಪದದಿಂದ 15ಕ್ಕೆ ಇಳಿಸಿದೆ, ದನಿಗೂ ನಡುವಿನ ಮೌನಕ್ಕೂ ಇರುವ ಪ್ರಮಾಣ ಬದಲಿಸುವ ವೇಟ್ ಅಂತ ಒಂದು ಸೆಟ್ಟಿಂಗ್ ಇದೆ ಅದನ್ನೂ ತಿರುಗಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಕೀಯರ್ ಕೆಟ್ಟಿದೆಯಾ, ವಾಪಸ್ ಕೊಡಲಾ?

ಉತ್ತರ: ವಾಪಸ್ ಕೊಡಬೇಡಿ, ಕೀಯರ್ ಚೆನ್ನಾಗಿಯೇ ಇದೆ. ಅದು ಮೋಡ್ ಬಿ ಯಲ್ಲಿದೆ, ನಿಮ್ಮ ಬೆರಳು ಕೇಳುತ್ತಿರುವುದು ಮೋಡ್ ಎ. ನೀವು ಬರೆದ ಮೂರು ತಪ್ಪೂ ಒಂದೇ ಕಾರಣಕ್ಕೆ ಆಗುತ್ತಿವೆ.

ನಿಧಾನವಾಗಿ ನೋಡೋಣ. ಎ ಅಂದರೆ ಡಿ-ಡಾ (ಕೊನೆಯಲ್ಲಿ ಬರದ ಡಿಟ್ಟನ್ನು ಡಿ ಅಂತೀವಿ). ಹೆಬ್ಬೆರಳು ಒತ್ತುತ್ತೀರಿ, ಹಿಂದೆಯೇ ತೋರುಬೆರಳು ಒತ್ತುತ್ತೀರಿ, ಈಗ ಎರಡೂ ಲಿವರ್ ಒತ್ತಿಕೊಂಡಿವೆ. ಡಾ ಕೇಳಿಸಿತು, ಅಕ್ಷರ ಮುಗಿಯಿತು ಅಂತ ಎರಡೂ ಬೆರಳು ಬಿಟ್ಟಿರಿ. ಮೋಡ್ ಎ ಆದರೆ ಆ ಡಾ ಮುಗಿಸಿ ಸುಮ್ಮನಾಗುತ್ತೆ. ಮೋಡ್ ಬಿ ಹಾಗಲ್ಲ, ಡಾ ನಡೆಯುವಾಗ ಎರಡೂ ಒತ್ತಿದ್ದನ್ನು ನೆನಪಿಟ್ಟುಕೊಂಡು, ನೀವು ಕೈ ಬಿಟ್ಟ ಮೇಲೂ ಎದುರಿನ ಗುರುತು ಒಂದನ್ನು ಸೇರಿಸುತ್ತೆ. ಡಿ-ಡಾ-ಡಿಟ್ ಆಯಿತು, ಅದೇ ಆರ್. ಡಾ-ಡಿಟ್ ಹೋಗಿ ಡಾ-ಡಿ-ಡಾ ಆಗುವುದೂ ಹೀಗೆಯೇ, ನಿಮ್ಮ ಎನ್ ಅಲ್ಲಿ ಕೆ ಆಗುತ್ತಿದೆ.

ಸ್ಪೀಡ್ ಇಳಿಸಿದರೆ ಯಾಕೆ ಸರಿ ಹೋಗಲ್ಲ ಅಂದರೆ, 1200ನ್ನು ಸ್ಪೀಡಿನಿಂದ ಭಾಗಿಸಿದರೆ ಒಂದು ಡಿಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತೆ. 15ಕ್ಕೆ 80, ಡಾ ಅದರ ಮೂರು ಪಟ್ಟು, 240. ಮೋಡ್ ಎ ಯಲ್ಲಿ ಬೆರಳು ಬಿಡಲು ನಿಮಗೆ ಆ 240 ಪೂರ್ತಿ ಸಿಗುತ್ತೆ. ಮೋಡ್ ಬಿ ಯಲ್ಲಿ ಡಾ ಶುರುವಾಗುವ ಮೊದಲೇ ಹೆಬ್ಬೆರಳು ಎದ್ದಿರಬೇಕು. ಸ್ಟ್ರೈಟ್ ಕೀಯಿಂದ ಬಂದ ಕೈ ಕಿವಿಯಲ್ಲಿ ಕೇಳಿಸಿದ ಮೇಲೆ ಬಿಡುತ್ತೆ, ಅದು ಸಹಜ. ಅದಕ್ಕೇ ಮೆನುವಿನಲ್ಲಿ ಐಯಾಂಬಿಕ್ ಎ ಅಂತ ಹಾಕಿ, ಮೋಡ್ ಎ ಗೆ ಅಲ್ಲಿ ಅದೇ ಹೆಸರು. ವೇಟ್ ವಾಪಸ್ 50ಕ್ಕೆ ತನ್ನಿ, ಇನ್ನು ಅದನ್ನು ಮುಟ್ಟಬೇಡಿ.

ಬಿ ಕೆಟ್ಟದ್ದು ಅಂತಲ್ಲ. 1970ರ ದಶಕದ ಕರ್ಟಿಸ್ ಕೀಯರ್ ಚಿಪ್ ಮೋಡ್ ಎ ಹಿಡಿಯಿತು, ಅಕ್ಯುಕೀಯರ್ ಅನ್ನುವ ಇನ್ನೊಂದು ಕೀಯರ್ ಮೋಡ್ ಬಿ ಹಿಡಿಯಿತು, ಯಾರು ಯಾವುದರಲ್ಲಿ ಕಲಿತರೋ ಅದರಲ್ಲೇ ಉಳಿದರು. ಒಂದನ್ನು ಆರಿಸಿಕೊಂಡು ಅದರಲ್ಲೇ ಇರಿ ಅಷ್ಟೇ. ರೇಡಿಯೋ ಒಳಗೂ ಕೀಯರ್ ಇದ್ದರೆ ಅದರಲ್ಲೂ ಅದೇ ಮೋಡ್ ಇಡಿ.

ಕೊಪ್ಪಳದವರು: ಸರ್, ಮೋಡ್ ಎ ಹಾಕಿದ ತಕ್ಷಣ ಸರಿಯಾಯಿತು! ಒಂದು ತಿಂಗಳು ಸುಮ್ನೆ ಒದ್ದಾಡಿದೆ. ಇನ್ನೊಂದು ಮಾತು, 40 ಮೀಟರ್ ರೇಡಿಯೋ ಬ್ಯಾಂಡಿನಲ್ಲಿ ಒಬ್ಬರು ನಿಮ್ಮ ಅಕ್ಷರ ಚೆನ್ನಾಗಿದೆ, ಪದಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿವೆ ಅಂದರು. ಅದಕ್ಕೆ ಯಾವ ಸೆಟ್ಟಿಂಗ್?

ಉತ್ತರ: ಅದಕ್ಕೆ ನಿಮ್ಮ ಕಿವಿಯೇ ಸೆಟ್ಟಿಂಗ್. ಕೀಯರ್ ನೋಡಿಕೊಳ್ಳುವುದು ಅಕ್ಷರದ ಒಳಗಿನ ಅಳತೆ ಮಾತ್ರ. ಎರಡು ಅಕ್ಷರದ ನಡುವೆ ಮೂರು ಡಿಟ್ ಜಾಗ, ಎರಡು ಪದದ ನಡುವೆ ಏಳು, ಇದು ನಿಮ್ಮ ಕೈಯಲ್ಲಿದೆ. ಪ್ಯಾಡಲ್ ಬಂದ ಹೊಸದರಲ್ಲಿ ಎಲ್ಲರೂ ಜಾಗ ನುಂಗುತ್ತಾರೆ, ಯಾಕಂದರೆ ಅಕ್ಷರ ಅಷ್ಟು ಸಲೀಸಾಗಿ ಬರುತ್ತೆ. ಸ್ಪೀಡ್ 18ಕ್ಕೆ ಇಡಿ, ನಡುವಿನ ಜಾಗವನ್ನು ಬೇಕಂತಲೇ ದೊಡ್ಡದು ಮಾಡಿ ಕಳಿಸಿ. ಕೇಳುವವರಿಗೆ ಅದು ನಿಧಾನ ಅನ್ನಿಸಲ್ಲ, ಸ್ಪಷ್ಟ ಅನ್ನಿಸುತ್ತೆ. ಆಟೋಸ್ಪೇಸ್ ಅಂತ ಒಂದು ಸೌಲಭ್ಯ ಇದೆ, ಅಕ್ಷರದ ನಡುವಿನ ಜಾಗವನ್ನು ಅದೇ ಹಾಕುತ್ತೆ. ನಾನು ಬೇಡ ಅಂತೀನಿ. ಅದನ್ನು ನಂಬಿದ ಕೈ ಬೇರೆ ಕೀಯರ್ ಮುಂದೆ ಕೂತಾಗ ತಡವರಿಸುತ್ತೆ.

ಪ್ರಶ್ನೆ (ರಾಯಚೂರಿನಿಂದ): ನನ್ನದು ಬೇರೆ ತೊಂದರೆ. ಹೊರಗಿನ ಕೀಯರನ್ನು ರೇಡಿಯೋ ಕೀ ಸಾಕೆಟ್ಟಿಗೆ ಹಾಕಿದ ಕೂಡಲೇ ಡಾ ಡಾ ಡಾ ಅಂತ ಹೋಗ್ತಾನೇ ಇರುತ್ತೆ. ಪ್ಯಾಡಲ್ ಮುಟ್ಟಿಯೇ ಇರಲ್ಲ.

ಉತ್ತರ: ಕೀಯರ್ ತಂತಿಯ ಪಿನ್ ನೋಡಿ. ಒಂದೇ ಕಪ್ಪು ಉಂಗುರ ಇದ್ದರೆ ಮಾನೋ. ಸ್ಟೀರಿಯೋ ಸಾಕೆಟ್ಟಿಗೆ ಅದನ್ನು ಹಾಕಿದರೆ ಡಾ ತಂತಿ ನೇರ ಗ್ರೌಂಡಿಗೆ ತಾಗುತ್ತೆ, ರೇಡಿಯೋ ಒಳಗಿನ ಕೀಯರ್ ಅದನ್ನು ಒತ್ತಿದ ಪ್ಯಾಡಲ್ ಅಂದುಕೊಳ್ಳುತ್ತೆ. ರೇಡಿಯೋ ಮೆನುವಿನಲ್ಲಿ ಒಳಗಿನ ಕೀಯರ್ ಆಫ್ ಮಾಡಿ, ಸ್ಟ್ರೈಟ್ ಕೀ ಅಂತ ಇಡಿ. ಆಮೇಲೆ ಪಿನ್ ಹಾಕಿ.

ಹಾಗೇ ಸೈಡ್‌ಟೋನ್, ಅಂದರೆ ನೀವು ಕಳಿಸುವಾಗ ನಿಮಗೇ ಕೇಳಿಸುವ ದನಿ, ಕೂಡ ನೋಡಿಕೊಳ್ಳಿ. ರೇಡಿಯೋ ಪಿಚ್ 600 ಹರ್ಟ್ಜ್, ಕೀಯರ್ ಸ್ಪೀಕರ್ 800ರಲ್ಲಿ ಕೂಗುತ್ತಿದ್ದರೆ, ಎದುರಿನವರ ದನಿಯನ್ನು ನೀವು ಕೀಯರಿನ ದನಿಗೆ ಹೊಂದಿಸಿಬಿಡುತ್ತೀರಿ. ಆಗ ಅವರಿಂದ 200 ಹರ್ಟ್ಜ್ ಆಚೆ ಕರೆಯುತ್ತಿರುತ್ತೀರಿ. ಅವರು 250 ಹರ್ಟ್ಜ್ ಅಗಲದ ಫಿಲ್ಟರ್ ಹಾಕಿಕೊಂಡಿದ್ದರೆ ಅದು ಎರಡೂ ಕಡೆ 125 ಮಾತ್ರ ಬಿಡುತ್ತೆ, ನಿಮ್ಮ ದನಿ ಅವರಿಗೆ ಕೇಳಿಸುವುದೇ ಕಷ್ಟ. ಎಷ್ಟು ಕರೆದರೂ ಉತ್ತರ ಬರ್ತಿಲ್ಲ ಅನ್ನುವವರಲ್ಲಿ ಇದನ್ನು ತುಂಬ ಸಲ ಕಂಡಿದ್ದೇನೆ. ಎರಡನ್ನೂ ಒಂದೇ ಪಿಚ್ಚಿಗೆ ತನ್ನಿ, ಇಲ್ಲಾ ಕೀಯರಿನ ದನಿ ಮುಚ್ಚಿ ರೇಡಿಯೋದ್ದೇ ಕೇಳಿ.

ಪ್ರಶ್ನೆ (ಸಂಡೂರಿನಿಂದ): ನನ್ನ ಕೀಯರ್ ಡಿಟ್ ನುಂಗುತ್ತೆ. ಎಚ್ (ನಾಲ್ಕು ಡಿಟ್) ಕಳಿಸಿದರೆ ಎಸ್ (ಮೂರು), ಒಮ್ಮೊಮ್ಮೆ ಐ (ಎರಡು). ಎಲ್ಲ ಸೆಟ್ಟಿಂಗ್ ಬದಲಿಸಿ ನೋಡಿದೆ.

ಉತ್ತರ: ಸಂಡೂರು ಅಂದಿರಲ್ಲ, ಮೊದಲು ಪ್ಯಾಡಲ್ ಮೇಲೆ ಬೆರಳು ಒರೆಸಿ ನೋಡಿ. ಅದಿರಿನ ಲಾರಿ ಓಡುವ ರಸ್ತೆ ಪಕ್ಕ ಮನೆ ಇದ್ದರೆ ಆ ಕೆಂಪು ಧೂಳು ಕಾಂಟ್ಯಾಕ್ಟ್ ಒಳಗೂ ಕೂತಿರುತ್ತೆ. ಬಳ್ಳಾರಿಯಲ್ಲಿ ನನ್ನ ಟೇಬಲ್ಲಿಗೆ ಬರುವ ಪ್ಯಾಡಲ್‌ಗಳಲ್ಲಿ ಇದೇ ಜಾಸ್ತಿ. ಸ್ಯಾಂಡ್ ಪೇಪರ್ ಮಾತ್ರ ಹಾಕಬೇಡಿ, ಲೇಪನ ಕಿತ್ತುಬರುತ್ತೆ. ಒಂದು ಬಿಳಿ ಹಾಳೆ ಪಟ್ಟಿ ಕತ್ತರಿಸಿ ಎರಡು ಕಾಂಟ್ಯಾಕ್ಟ್ ನಡುವೆ ಇಟ್ಟು, ಲಿವರ್ ಮೆಲ್ಲಗೆ ಒತ್ತಿ ಹಿಡಿದು ಹಾಳೆ ಎಳೆಯಿರಿ. ಹಾಳೆ ಮೇಲೆ ಕಂದು ಗೆರೆ ಬರುತ್ತೆ. ಗೆರೆ ಬರುವುದು ನಿಲ್ಲುವವರೆಗೆ ಹೊಸ ಹಾಳೆಯಲ್ಲಿ ಮಾಡಿ.

ಅದಾದ ಮೇಲೂ ತಪ್ಪಿದರೆ ಪವರ್ ಕಡಿಮೆ ಮಾಡಿ ನೋಡಿ. 5 ವ್ಯಾಟಿನಲ್ಲಿ ಸರಿ, 100ರಲ್ಲಿ ತಪ್ಪು ಅಂದರೆ ನಿಮ್ಮದೇ ಸಿಗ್ನಲ್ ಪ್ಯಾಡಲ್ ತಂತಿಯೊಳಗೆ ನುಗ್ಗುತ್ತಿದೆ. ಎರಡೂ ಪ್ಯಾಡಲ್ ತಂತಿಯಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೊಂದು ಬೆಸುಗೆ ಹಾಕಿ, ಕೀಯರ್ ಹತ್ತಿರವೇ ಇರಲಿ.

ಸಂಡೂರಿನವರು: ಎರಡನೇ ಹಾಳೆಯಲ್ಲೂ ಇಟ್ಟಿಗೆ ಬಣ್ಣ ಬಂತು ಸರ್. ನಾಲ್ಕನೆಯದು ಬಿಳಿಯಾಗೇ ಬಂತು. ಈಗ ಎಚ್‌ಗೆ ನಾಲ್ಕೂ ಡಿಟ್ ಹೋಗ್ತಿವೆ.

ಉತ್ತರ: ಒಳ್ಳೇದಾಯಿತು. ಇನ್ನು ರಾತ್ರಿ ಮುಗಿಸಿದ ಮೇಲೆ ಪ್ಯಾಡಲ್ ಮೇಲೊಂದು ಸ್ಟೀಲ್ ಡಬ್ಬಿ ಬೋರಲು ಹಾಕಿಡಿ.