ಖಾತೆ ಮೈನಸ್ 2,564ಕ್ಕೆ ಇಳಿದಿದೆ: ಬ್ಯಾಂಕ್ ಕತ್ತರಿಸಿದ ಚಾರ್ಜ್‌ಗಳಲ್ಲಿ ಯಾವುದನ್ನು ವಾಪಸ್ ಕೇಳಬಹುದು?

ಪಾಸ್‌ಬುಕ್_ವಿಜಯನಗರ:

ಖಾಸಗಿ ಬ್ಯಾಂಕೊಂದರ ಉಳಿತಾಯ ಖಾತೆ. ಮೊದಲು ಸ್ಯಾಲರಿ ಅಕೌಂಟ್ ಆಗಿತ್ತು. ಜುಲೈನಿಂದ ಸಂಬಳ ಬರುವುದು ನಿಂತಿದೆ, ಅಕ್ಟೋಬರ್‌ನಲ್ಲಿ ಬ್ಯಾಂಕ್‌ನವರು ಅದನ್ನು ಸಾಮಾನ್ಯ ಖಾತೆ ಮಾಡಿದ್ದಾರೆ. ತಿಂಗಳ ಸರಾಸರಿ ಬ್ಯಾಲೆನ್ಸ್ 10,000 ಇರಬೇಕಂತೆ. ಇಲ್ಲದಿದ್ದರೆ ಕೊರತೆಯ ಶೇ. 6 ಅಥವಾ 500 ರೂಪಾಯಿ, ಯಾವುದು ಕಡಿಮೆಯೋ ಅದು, ಮೇಲೆ ಜಿಎಸ್‌ಟಿ. ಸ್ಟೇಟ್‌ಮೆಂಟ್ ಹೀಗಿದೆ:

ನವೆಂಬರ್ 1: ಉಳಿಕೆ 1,212
ನವೆಂಬರ್ 8: ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ 500 + ಜಿಎಸ್‌ಟಿ 90. ಉಳಿಕೆ 622
ನವೆಂಬರ್ 20: ಡೆಬಿಟ್ ಕಾರ್ಡ್ ವಾರ್ಷಿಕ ಶುಲ್ಕ 236. ಉಳಿಕೆ 386
ಡಿಸೆಂಬರ್ 9: ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ 590. ಮೈನಸ್ 204
ಜನವರಿ 5: ನಾಚ್ ರಿಟರ್ನ್ ಚಾರ್ಜ್ 590. ಮೈನಸ್ 794
ಜನವರಿ 9: ಮಿನಿಮಮ್ ಬ್ಯಾಲೆನ್ಸ್ 590. ಮೈನಸ್ 1,384
ಫೆಬ್ರವರಿ 5: ನಾಚ್ ರಿಟರ್ನ್ 590. ಮೈನಸ್ 1,974
ಫೆಬ್ರವರಿ 9: ಮಿನಿಮಮ್ ಬ್ಯಾಲೆನ್ಸ್ 590. ಮೈನಸ್ 2,564

ನಾಚ್ ಎಂದರೆ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ; ಹಣವಿಲ್ಲದೆ ಕಂತು ವಾಪಸಾದರೆ ರಿಟರ್ನ್ ಚಾರ್ಜ್. ಇಲ್ಲಿ ಅದು 2,000 ರೂಪಾಯಿಯ ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ತಿಂಗಳ ಕಂತು). ಜನವರಿಯಲ್ಲಿ ಶುರು ಮಾಡಿದ್ದು, ಈ ಖಾತೆಯ ಹಳೇ ಮ್ಯಾಂಡೇಟ್‌ಗೇ (ಕಂತು ಕಡಿತಕ್ಕೆ ಕೊಟ್ಟ ಅನುಮತಿ) ಜೋಡಣೆಯಾಗಿಬಿಟ್ಟಿದೆ. ನವೆಂಬರ್ 3ಕ್ಕೆ ‘ಬ್ಯಾಲೆನ್ಸ್ ಕಾಪಾಡಿಕೊಳ್ಳಿ, ಇಲ್ಲವಾದರೆ ಶುಲ್ಕ’ ಅಂತ ಒಂದೇ ಒಂದು ಎಸ್‌ಎಂಎಸ್ ಬಂದಿದೆ. ಬ್ರಾಂಚ್‌ನಲ್ಲಿ ಕೇಳಿದರೆ ‘ಮೊದಲು 2,564 ಕಟ್ಟಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಉಳಿತಾಯ ಖಾತೆಯನ್ನು ಚಾರ್ಜ್ ಹಾಕಿಯೇ ಮೈನಸ್‌ಗೆ ಇಳಿಸಬಹುದಾ? ಸಿಬಿಲ್‌ಗೆ (ಸಾಲದ ಅಂಕಕ್ಕೆ) ಪೆಟ್ಟು ಬೀಳುತ್ತದಾ? ಕಟ್ಟಬೇಕಾ, ಬೇಡವಾ?

ಲೆಡ್ಜರ್_ಬಸವನಗುಡಿ:

ಇಳಿಸುವ ಹಾಗಿಲ್ಲ. ಆದರೆ ಈ ಮಾತು ಎಲ್ಲ ಚಾರ್ಜ್‌ಗೂ ಅನ್ವಯಿಸುವುದಿಲ್ಲ. ಜನ ಸೋಲುವುದು ಇಲ್ಲೇ. ಒಟ್ಟು ಮೊತ್ತ ಹಿಡಿದುಕೊಂಡು ಜಗಳಕ್ಕೆ ಹೋಗುತ್ತಾರೆ, ಸಾಲು ಸಾಲಾಗಿ ನೋಡುವುದಿಲ್ಲ.

2014ರ ನವೆಂಬರ್ 20ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಜಾರಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂಬ ಒಂದೇ ಕಾರಣಕ್ಕೆ ಹಾಕುವ ಶುಲ್ಕದಿಂದ ಉಳಿತಾಯ ಖಾತೆ ಮೈನಸ್ ಆಗಬಾರದು ಎಂದು ಅದರಲ್ಲಿ ನೇರವಾಗಿಯೇ ಇದೆ. ಖಾತೆಯಲ್ಲಿ 386 ಇದ್ದರೆ 386ರವರೆಗೆ ತೆಗೆದುಕೊಳ್ಳಬಹುದು, ಸೊನ್ನೆಗೆ ನಿಲ್ಲಿಸಬೇಕು.

ಇದನ್ನು ನಿಮ್ಮ ಸ್ಟೇಟ್‌ಮೆಂಟ್ ಮೇಲೆ ಇಟ್ಟು ನೋಡಿ. ಡಿಸೆಂಬರ್ 9ಕ್ಕೆ ಹೆಚ್ಚಾಗಿ ಹೋದದ್ದು 204. ಜನವರಿ 9ರ 590, ಫೆಬ್ರವರಿ 9ರ 590 ಪೂರ್ತಿ ತಪ್ಪು. ಒಟ್ಟು 1,384. ಉಳಿದ 1,180 ಎರಡು ನಾಚ್ ರಿಟರ್ನ್‌ನದು. ಆ ನಿಯಮ ಅದಕ್ಕೆ ರಕ್ಷಣೆ ಕೊಡುವುದಿಲ್ಲ. ‘ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ ಹಾಕದಿದ್ದರೆ ಎಸ್‌ಐಪಿ ಪಾಸ್ ಆಗುತ್ತಿತ್ತು’ ಎಂದು ವಾದಿಸಲೂ ಆಗದು. ಒಂದು ಚಾರ್ಜೂ ಬೀಳದಿದ್ದರೂ ಖಾತೆಯಲ್ಲಿ 2,000 ಇರುತ್ತಿರಲಿಲ್ಲ.

ಸಿಬಿಲ್ ಚಿಂತೆ ಬಿಡಿ. ಉಳಿತಾಯ ಖಾತೆ ಸಾಲವಲ್ಲ, ಅದರ ಮಿನಿಮಮ್ ಬ್ಯಾಲೆನ್ಸ್ ಬಾಕಿ ಸಾಲದ ವರದಿಗೆ ಹೋಗುವುದಿಲ್ಲ. ಅರ್ಜಿ ಹಾಕಿ ಪಡೆದ ಓವರ್‌ಡ್ರಾಫ್ಟ್ (ಉಳಿಕೆಗಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ) ಆಗಿದ್ದರೆ ಮಾತು ಬೇರೆ.

ಕೌಂಟರ್_3:

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ. ಅದೇ ಸುತ್ತೋಲೆಯಲ್ಲಿ ಇನ್ನೊಂದು ಷರತ್ತಿದೆ, ಅದು ನಿಮಗೆ ಇನ್ನೂ ಲಾಭ. ಬ್ಯಾಲೆನ್ಸ್ ಕಡಿಮೆಯಾದಾಗ ಬ್ಯಾಂಕ್ ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತಿಳಿಸಿದ ದಿನದಿಂದ ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ಮಾತ್ರ ಶುಲ್ಕ. ನಿಮಗೆ ಎಸ್‌ಎಂಎಸ್ ಬಂದದ್ದು ನವೆಂಬರ್ 3, ಶುಲ್ಕ ಬಿದ್ದದ್ದು ನವೆಂಬರ್ 8. ಐದೇ ದಿನ! ಹಾಗಾಗಿ ನವೆಂಬರ್‌ನ 590 ವಾಪಸ್ ಬರಬೇಕು.

ಅದು ಬಂದರೆ ಕೆಳಗಿನ ಲೆಕ್ಕವೆಲ್ಲ ಬದಲಾಗುತ್ತದೆ. 1,212ರಲ್ಲಿ ಕಾರ್ಡ್ ಶುಲ್ಕ 236 ಕಳೆದರೆ 976. ಡಿಸೆಂಬರ್ 9ರ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು, ಆ 590 ನ್ಯಾಯವೇ, ಉಳಿಕೆ 386. ಜನವರಿ ನಾಚ್ ರಿಟರ್ನ್‌ಗೆ ಮೈನಸ್ 204, ಫೆಬ್ರವರಿಯದಕ್ಕೆ ಮೈನಸ್ 794. ಅಂದರೆ ನೀವು ಕೇಳಬೇಕಾದದ್ದು ನವೆಂಬರ್, ಜನವರಿ, ಫೆಬ್ರವರಿಯ ಮೂರು ಶುಲ್ಕ: 1,770. ನಿಜವಾದ ಬಾಕಿ 794.

ಬ್ಯಾಂಕ್ ಎಲ್ಲಿ ಕೊಸರಾಡುತ್ತದೆ ಎಂಬುದೂ ಗೊತ್ತಿರಲಿ. ‘ಜನವರಿ 9ಕ್ಕೆ ಖಾತೆ ಆಗಲೇ ಮೈನಸ್‌ನಲ್ಲಿತ್ತು, ಮೈನಸ್ ಮಾಡಿದ್ದು ನಾಚ್ ರಿಟರ್ನ್, ನಮ್ಮ ಮಿನಿಮಮ್ ಬ್ಯಾಲೆನ್ಸ್ ಶುಲ್ಕವೊಂದೇ ಅಲ್ಲ’ ಎಂದು ಬರೆಯುತ್ತಾರೆ. ಅದಕ್ಕೆ ಉತ್ತರ: ಜನವರಿ 9ರ 590 ಇಡಿಯಾಗಿ ಮೈನಸ್‌ಗೇ ಸೇರಿದೆ, ಆ 590ರ ಮಟ್ಟಿಗೆ ಬೇರೆ ಯಾವ ಕಾರಣವೂ ಇಲ್ಲ. ಈ ವಾಕ್ಯ ನಿಮ್ಮ ದೂರಿನಲ್ಲಿ ಮೊದಲೇ ಇರಲಿ, ಅವರು ಹೇಳಲಿ ಎಂದು ಕಾಯಬೇಡಿ.

ಇನ್ನು ದುಡ್ಡು ಕಟ್ಟುವ ವಿಚಾರ. ಈಗ ಆ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬಾಕಿ ಶುಲ್ಕ ಸಿಸ್ಟಂನಲ್ಲಿ ಮೈನಸ್ ಆಗಿ ಅಥವಾ ‘ಲೀನ್’ (ಮುಂದೆ ಬರುವ ಹಣದ ಮೇಲೆ ಬ್ಯಾಂಕ್‌ನ ಹಿಡಿತ) ಆಗಿ ಕೂತಿರುತ್ತದೆ. ಯಾರಾದರೂ ಯುಪಿಐನಲ್ಲಿ 500 ಕಳಿಸಿದರೂ ಬಂದ ಕ್ಷಣವೇ ಮುರಿದುಕೊಳ್ಳುತ್ತದೆ. ಮೊದಲು ಈ ಖಾತೆಗೆ ಜೋಡಿಸಿರುವ ಯುಪಿಐ, ಡಿವಿಡೆಂಡ್, ಆದಾಯ ತೆರಿಗೆ ರೀಫಂಡ್, ಗ್ಯಾಸ್ ಸಬ್ಸಿಡಿ ಎಲ್ಲವನ್ನೂ ಬೇರೆ ಖಾತೆಗೆ ಬದಲಿಸಿ. ಕಟ್ಟಿದ ಮೇಲೂ ವಾಪಸ್ ಕೇಳುವ ಹಕ್ಕು ಹೋಗುವುದಿಲ್ಲ ನಿಜ. ಆದರೆ ಕಟ್ಟಿದವರ ಫೈಲ್‌ಗೆ ಬ್ರಾಂಚ್‌ನಲ್ಲಿ ಯಾವ ಅವಸರವೂ ಇರುವುದಿಲ್ಲ.

ಪಾಸ್‌ಬುಕ್_ವಿಜಯನಗರ:

1,770ರ ಲೆಕ್ಕ ಅರ್ಥ ಆಯ್ತು. ದೂರು ಎಲ್ಲಿಂದ ಶುರು ಮಾಡಬೇಕು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಗುಡ್‌ವಿಲ್ ಆಗಿ ಒಂದು ಚಾರ್ಜ್ ವಾಪಸ್ ಮಾಡುತ್ತೇವೆ’ ಅಂದರು.

ಕೌಂಟರ್_3:

ಆ ‘ಗುಡ್‌ವಿಲ್’ ಈಗಲೇ ಒಪ್ಪಬೇಡಿ. ನಿಯಮ ಮೀರಿ ತೆಗೆದುಕೊಂಡ ಹಣವನ್ನು ದಯೆ ಎಂದು ವಾಪಸ್ ಕೊಟ್ಟು ದೂರು ಮುಚ್ಚಿಬಿಡುತ್ತಾರೆ. ಗುಡ್‌ವಿಲ್ ಕೇಳಬೇಕಾದದ್ದು ನಾಚ್ ರಿಟರ್ನ್‌ಗೆ. ಅಲ್ಲಿ ನಿಮಗೆ ಹಕ್ಕಿಲ್ಲ, ಕೇಳಿದರೆ ತಪ್ಪೂ ಇಲ್ಲ.

ಫೋನ್ ದೂರು ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಒಂಬುಡ್ಸ್‌ಮನ್ (ಬ್ಯಾಂಕ್ ಮೇಲಿನ ದೂರು ಕೇಳುವ ಆರ್‌ಬಿಐ ಅಧಿಕಾರಿ) ಬಳಿ ಹೋಗಬೇಕಾದರೆ ಬ್ಯಾಂಕ್‌ಗೆ ಮೊದಲು ಲಿಖಿತ ದೂರು ಕೊಟ್ಟಿರಬೇಕು. ಇ-ಮೇಲ್ ಆದರೂ ಸರಿ, ಬ್ರಾಂಚ್‌ನಲ್ಲಿ ಸೀಲ್ ಹಾಕಿಸಿಕೊಂಡ ಪತ್ರವಾದರೂ ಸರಿ. ದೂರು ಸಂಖ್ಯೆ ಮತ್ತು ತಾರೀಕು ಜೋಪಾನ. ಹೀಗೆ ಬರೆಯಿರಿ:

‘ನನ್ನ ಉಳಿತಾಯ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಕೊರತೆಗಾಗಿ ನವೆಂಬರ್ 8, ಜನವರಿ 9, ಫೆಬ್ರವರಿ 9ರಂದು ತಲಾ 590 ರೂಪಾಯಿ ಕಡಿತವಾಗಿದೆ. ಮೊದಲನೆಯದು ಸೂಚನೆ ಬಂದ 5ನೇ ದಿನಕ್ಕೆ, ಒಂದು ತಿಂಗಳ ಅವಧಿ ಕೊಡದೆ ಹಾಕಿದ್ದು. ಉಳಿದೆರಡು, ಖಾತೆಯಲ್ಲಿ ಹಣವಿಲ್ಲದಾಗ ಹಾಕಿ ಮೈನಸ್ ಹೆಚ್ಚಿಸಿದ್ದು. ಈ ಮೂರೂ 20-11-2014ರ ಆರ್‌ಬಿಐ ಸೂಚನೆಗೆ ವಿರುದ್ಧ. 1,770 ರೂಪಾಯಿಯನ್ನು ಜಿಎಸ್‌ಟಿ ಸಮೇತ, ಆಯಾ ತಾರೀಕಿನಿಂದಲೇ ಜಮೆ ಮಾಡಿ, ತಿದ್ದಿದ ಸ್ಟೇಟ್‌ಮೆಂಟ್ ಕೊಡಿ.’

‘ಆಯಾ ತಾರೀಕಿನಿಂದಲೇ’ ಎಂಬ ಮಾತು ಬಿಡಬೇಡಿ. ‘ಜಿಎಸ್‌ಟಿ ಸಮೇತ’ ಎನ್ನುವುದನ್ನೂ. 500 ವಾಪಸ್ ಕೊಟ್ಟು 90 ಉಳಿಸಿಕೊಳ್ಳುವುದು ಆಗಾಗ ನಡೆಯುವ ಸಂಗತಿ.

2025ರ ನವೆಂಬರ್‌ನಲ್ಲಿ ಆರ್‌ಬಿಐ ಸಾವಿರಾರು ಹಳೇ ಸುತ್ತೋಲೆಗಳನ್ನು ವಿಷಯವಾರು ನಿರ್ದೇಶನಗಳಾಗಿ ಒಟ್ಟುಗೂಡಿಸಿದೆ. ‘ಆ ಸುತ್ತೋಲೆ ಈಗ ಇಲ್ಲ’ ಎಂದು ಯಾರಾದರೂ ಜಾಣತನ ತೋರಿಸಬಹುದು. ಆದ್ದರಿಂದ ಬರೀ ಸುತ್ತೋಲೆಯ ತಾರೀಕನ್ನು ನಂಬಿ ಕೂರದೆ, ನಿಯಮದ ಸಾರವನ್ನೂ ಮೇಲಿನಂತೆ ಬರೆದುಬಿಡಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ತಡಮಾಡದೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ. ಸಿಎಂಎಸ್ ಎಂಬ ಆರ್‌ಬಿಐ ಪೋರ್ಟಲ್ ಇದೆ, ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448, ಕನ್ನಡದಲ್ಲೂ ಮಾತಾಡುತ್ತಾರೆ. ನೃಪತುಂಗ ರಸ್ತೆಯ ಆರ್‌ಬಿಐ ಕಚೇರಿಗೆ ಅಲೆಯಬೇಡಿ. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ, ಕಾಗದದ ದೂರುಗಳೆಲ್ಲ ಚಂಡೀಗಢದ ಕೇಂದ್ರಕ್ಕೆ ಹೋಗುತ್ತವೆ. ಬ್ಯಾಂಕ್‌ಗೆ ಬರೆಯುವ ಇ-ಮೇಲ್‌ನಲ್ಲಿ ಒಂಬುಡ್ಸ್‌ಮನ್‌ಗೆ ಒಂದು ಪ್ರತಿ ಹಾಕಿದರೆ ಅದು ದೂರು ಎನಿಸಿಕೊಳ್ಳುವುದಿಲ್ಲ.

ದೂರು ತಿರಸ್ಕಾರವಾಗುವುದು ಹೆಚ್ಚಾಗಿ ಒಂದು ಕಾರಣಕ್ಕೆ: ‘500 ರೂಪಾಯಿ ಬಹಳ ಜಾಸ್ತಿ, ಅನ್ಯಾಯ’ ಎಂದು ಬರೆದಿರುತ್ತಾರೆ. ಶುಲ್ಕ ಎಷ್ಟಿರಬೇಕು ಎಂಬುದು ಬ್ಯಾಂಕ್‌ನ ವ್ಯವಹಾರದ ತೀರ್ಮಾನ, ಒಂಬುಡ್ಸ್‌ಮನ್ ಅದರಲ್ಲಿ ಕೈಹಾಕುವುದಿಲ್ಲ. ನಿಯಮ ಮುರಿದದ್ದನ್ನು ತೋರಿಸಿದರೆ ಕೇಳಲೇಬೇಕು.

ಚಾಮರಾಜಪೇಟೆ_ಲೆಕ್ಕ:

ಮೇಲಿನ ಕೊನೇ ಪ್ಯಾರಾಕ್ಕೆ ಒಂದು ಅಡ್ಡಮಾತು. ಬ್ರಿಟನ್ನಿನಲ್ಲಿ ಇದೇ ಥರ ಖಾತೆ ಮೈನಸ್ ಆದಾಗ ಹಾಕುವ ಓವರ್‌ಡ್ರಾಫ್ಟ್ ಶುಲ್ಕದ ಮೇಲೆ ಲಕ್ಷಾಂತರ ಗ್ರಾಹಕರ ದೂರು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2009ರ ನವೆಂಬರ್ 25ರಂದು ಬ್ಯಾಂಕ್‌ಗಳೇ ಗೆದ್ದವು: ಆ ಶುಲ್ಕ ಸೇವೆಯ ಬೆಲೆಯ ಭಾಗ, ಬೆಲೆ ಹೆಚ್ಚೋ ಕಡಿಮೆಯೋ ಎಂದು ಗ್ರಾಹಕ ಕರಾರಿನ ಕಾನೂನಿನಡಿ ತೂಗಲಾಗದು ಎಂದಿತು ಕೋರ್ಟ್. ಕೊನೆಗೆ ಕೆಲಸ ಆದದ್ದು ನಿಯಂತ್ರಕರ ನಿಯಮದಿಂದ. 2020ರ ಏಪ್ರಿಲ್ 6ರಿಂದ ಅಲ್ಲಿ ಓವರ್‌ಡ್ರಾಫ್ಟ್‌ಗೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ಶುಲ್ಕವೇ ಇಲ್ಲ, ವಾರ್ಷಿಕ ಬಡ್ಡಿ ದರವೊಂದೇ. ‘ಜಾಸ್ತಿ’ ಎಂಬ ವಾದ ಅಲ್ಲೂ ಸೋತಿತು.

ಈಗ ನಾಚ್. ಇದನ್ನು ಇವತ್ತೇ ನಿಲ್ಲಿಸದಿದ್ದರೆ ಮಾರ್ಚ್ 5ಕ್ಕೆ ಇನ್ನೊಂದು 590. ಎರಡು ಕಡೆ ಕೆಲಸ ಇದೆ. ಮ್ಯೂಚುವಲ್ ಫಂಡ್ ಆ್ಯಪ್‌ನಲ್ಲಿ ಎಸ್‌ಐಪಿ ರದ್ದು ಮಾಡಿ. ಆಮೇಲೆ ಬ್ಯಾಂಕ್‌ನ ನೆಟ್‌ಬ್ಯಾಂಕಿಂಗ್‌ನಲ್ಲಿ ಮ್ಯಾಂಡೇಟ್ ಪಟ್ಟಿ ತೆರೆದು, 20 ಅಕ್ಷರ-ಅಂಕಿಗಳ ಯುಎಂಆರ್‌ಎನ್ (ಮ್ಯಾಂಡೇಟ್‌ನ ಗುರುತಿನ ಸಂಖ್ಯೆ) ನೋಡಿ ಮ್ಯಾಂಡೇಟನ್ನೇ ರದ್ದು ಮಾಡಿ. ಎಸ್‌ಐಪಿ ಒಂದನ್ನೇ ನಿಲ್ಲಿಸಿದರೆ ಮ್ಯಾಂಡೇಟ್ ಜೀವಂತವಾಗಿರುತ್ತದೆ, ಮುಂದೊಮ್ಮೆ ಹೊಸ ಎಸ್‌ಐಪಿ ಮತ್ತೆ ಅದಕ್ಕೇ ಅಂಟಿಕೊಳ್ಳುತ್ತದೆ. ನಿಮಗೆ ಆಗಿದ್ದೂ ಅದೇ. ಸತತ 3 ಕಂತು ತಪ್ಪಿದರೆ ಎಸ್‌ಐಪಿ ತಾನಾಗಿ ನಿಲ್ಲುತ್ತದೆ ಎಂದು ಸುಮ್ಮನೆ ಕೂತರೆ ಮೂರನೇ ಬೌನ್ಸ್‌ಗೂ ಬ್ಯಾಂಕ್ ಚಾರ್ಜ್ ಹಾಕಿಯೇ ಹಾಕುತ್ತದೆ. 100-200 ರೂಪಾಯಿಯ ಕಂತಿಗೂ ರಿಟರ್ನ್ ಚಾರ್ಜ್ ಇಷ್ಟೇ, ಮೂಗಿಗಿಂತ ಮೂಗುತಿ ಭಾರ.

ಇಎಂಐ ಇರುವವರಿಗೆ ಇದು ಇನ್ನೂ ದುಬಾರಿ. ಬ್ಯಾಂಕ್ ಒಂದು ಚಾರ್ಜ್, ಸಾಲ ಕೊಟ್ಟವರು ಇನ್ನೊಂದು. ಕೆಲವರು ಅದೇ ಕಂತನ್ನು ಅದೇ ತಿಂಗಳು ಎರಡು ಮೂರು ಸಲ ಕಳಿಸುತ್ತಾರೆ, ಪ್ರತಿ ಸಲವೂ ಹೊಸ ಬೌನ್ಸ್. 2021ರ ಆಗಸ್ಟ್ 1ರಿಂದ ನಾಚ್ ಭಾನುವಾರ, ಹಬ್ಬದ ದಿನವೂ ನಡೆಯುತ್ತದೆ. 5ನೇ ತಾರೀಕು ಭಾನುವಾರವಾದರೆ ಸೋಮವಾರ ಸಂಬಳ ಬಂದ ಮೇಲೆ ಹೋಗುತ್ತದೆ ಎಂಬ ಹಳೇ ಲೆಕ್ಕ ಈಗ ನಡೆಯದು. ಹಣ ಹಿಂದಿನ ಸಂಜೆಯೇ ಖಾತೆಯಲ್ಲಿರಬೇಕು. ಇಎಂಐ ಬೌನ್ಸ್ ಸಿಬಿಲ್‌ಗೂ ಹೋಗಬಹುದು. ಪೇಮೆಂಟ್ ಅಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆ 2007ರ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸ್‌ನಂತೆ ಕೇಸೂ ಹಾಕಬಹುದು.

ಆಗಾಗ ನಾಲ್ಕೈದು ದಿನ ಹಣ ತಡವಾಗುವವರು ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ಮಾಡಿಸಿಕೊಳ್ಳುವುದು ಮೇಲು. 20,000 ರೂಪಾಯಿಯನ್ನು 6 ದಿನ ಶೇ. 9ರ ಬಡ್ಡಿಗೆ ಬಳಸಿದರೆ ಸುಮಾರು 30 ರೂಪಾಯಿ. ಒಂದು ಬೌನ್ಸ್‌ಗೆ 590. ಓವರ್‌ಡ್ರಾಫ್ಟ್ ಖಾತೆಗೆ ವಾರ್ಷಿಕ ಶುಲ್ಕ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಲೆಡ್ಜರ್_ಬಸವನಗುಡಿ:

ಒಂದು ತಿಂಗಳ ನೋಟಿಸ್ ವಿಷಯ ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು, 1,770 ಸರಿ.

ಖಾತೆ ಇಟ್ಟುಕೊಳ್ಳುವುದಾದರೆ ಸರಾಸರಿಯ ಲೆಕ್ಕ ಗೊತ್ತಿರಲಿ. ದಿನದ ಕೊನೆಯ ಉಳಿಕೆಗಳನ್ನು ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಿಗೆ 10,000 ಸರಾಸರಿ ಎಂದರೆ ಒಟ್ಟು 3,00,000. ಒಂದು ಲಕ್ಷ ಮೂರು ರಾತ್ರಿ ಖಾತೆಯಲ್ಲಿ ಮಲಗಿದರೆ ಇಡೀ ತಿಂಗಳಿನದು ತೀರಿತು. ಬೆಳಿಗ್ಗೆ ಹಾಕಿ ಸಂಜೆ ತೆಗೆದರೆ ಏನೂ ಪ್ರಯೋಜನವಿಲ್ಲ.

ಬೇಡವಾದರೆ ಮುಚ್ಚಿಬಿಡಿ, ಅಥವಾ ಬಿಎಸ್‌ಬಿಡಿ (ಮೂಲಭೂತ ಉಳಿತಾಯ) ಖಾತೆಗೆ ಬದಲಿಸಲು ಅರ್ಜಿ ಕೊಡಿ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್‌ಗೂ ಶುಲ್ಕವಿಲ್ಲ. ಆದರೆ ಅದೇ ಬ್ಯಾಂಕ್‌ನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಇದ್ದರೆ 30 ದಿನದೊಳಗೆ ಮುಚ್ಚಬೇಕು. ಇಲ್ಲವೇ ಮಿನಿಮಮ್ ಬ್ಯಾಲೆನ್ಸ್ ದಂಡವೇ ಇಲ್ಲದ ಬ್ಯಾಂಕ್‌ಗೆ ಹೋಗಿ: ಎಸ್‌ಬಿಐ 2020ರ ಮಾರ್ಚ್‌ನಲ್ಲೇ ತೆಗೆಯಿತು, ನಮ್ಮ ಜೆ.ಸಿ. ರಸ್ತೆಯ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ.

‘ಎರಡು ವರ್ಷ ಮುಟ್ಟದೆ ಬಿಟ್ಟರೆ ನಿಷ್ಕ್ರಿಯ ಆಗುತ್ತೆ, ಆಮೇಲೆ ದಂಡ ಇಲ್ಲ’ ಎಂದು ಕೆಲವರು ಹೇಳುತ್ತಾರೆ. ನಿಷ್ಕ್ರಿಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ ಎನ್ನುವುದು ನಿಜ. ಆದರೆ ಅಲ್ಲಿಯವರೆಗಿನ ಎರಡು ವರ್ಷ ನಿಮ್ಮ ಗ್ರಹಚಾರ.

ಮುಚ್ಚುವ ದಿನ 1,770 ಜಮೆಯಾಗಿ ಮೈನಸ್ 794 ತೋರಿಸುತ್ತಿರಬೇಕು. ಒಂದು ನಾಚ್ ಚಾರ್ಜ್ ಗುಡ್‌ವಿಲ್‌ನಲ್ಲಿ ಬಿಡಿಸಿಕೊಂಡರೆ 204. ಅಷ್ಟನ್ನು ಮಾತ್ರ ಕೌಂಟರ್‌ನಲ್ಲಿ ಕಟ್ಟಿ, ಉಳಿದ ಚೆಕ್ ಹಾಳೆ ಮತ್ತು ಕಾರ್ಡ್ ಒಪ್ಪಿಸಿ, ಖಾತೆ ಮುಚ್ಚಿದ ಪತ್ರವನ್ನು ಸೀಲ್ ಸಮೇತ ಕೈಗೆ ತೆಗೆದುಕೊಂಡೇ ಹೊರಡಿ.